ರಬ್ಬರ್ ತೋಟದ ಮಕ್ಕಳ ನಡುವೆ ಸೇವೆ: ಪುತ್ತೂರು, ಸುಳ್ಯ, ಕಡಬಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಬೇಸಿಗೆಯ ರಜೆ ಬಂದೊಡನೆ ನಮ್ಮ ಸಭೆಗಳ ಯುವಜನರೂ ದೈವಶಾಸ್ತ್ರದ ವಿದ್ಯಾರ್ಥಿಗಳೂ ಬಡ ಹಳ್ಳಿಗಳತ್ತ ಹೊರಡುವುದು ಬಹುಕಾಲದ ರೂಢಿ. ಹಾಡು, ಆಟ, ಸತ್ಯವೇದದ ಕಥೆ, ಬಣ್ಣದ ಕಾಗದ, ಕೊನೆಯ ದಿನ ಒಂದು ಊಟ, ಒಂದು ಪುಸ್ತಕದ ಚೀಲ. ಇಷ್ಟರಲ್ಲಿ ಹತ್ತು ದಿನಗಳ ಸೇವೆ ಮುಗಿಯುತ್ತದೆ. ಹೋದವರು ಹರ್ಷದಿಂದ ಮರಳುತ್ತಾರೆ, ಮಕ್ಕಳೂ ಹರ್ಷಪಟ್ಟಿರುತ್ತಾರೆ. ಈ ಹರ್ಷವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಹನ್ನೊಂದನೆಯ ದಿನ ಆ ಮಗುವಿನ ಬಳಿ ಯಾರಿರುತ್ತಾರೆ ಎಂಬ ಪ್ರಶ್ನೆಯನ್ನು ದೈವಶಾಸ್ತ್ರವು ಕೇಳದೆ ಬಿಡಲಾಗದು. ಈ ಪ್ರಶ್ನೆಯನ್ನು ಒಂದು ನಿರ್ದಿಷ್ಟ ಸ್ಥಳದಲ್ಲಿಟ್ಟು ವಿವೇಚಿಸುವುದು ಈ ಲೇಖನದ ಗುರಿ. ಆ ಸ್ಥಳವು ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ರಬ್ಬರ್ ತೋಟಗಳು. ಅಲ್ಲಿಯ ಮಕ್ಕಳು ಶ್ರೀಲಂಕೆಯಿಂದ ಮರಳಿ ಬಂದ ತಮಿಳು ಕುಟುಂಬಗಳ ಮೂರನೆಯ, ನಾಲ್ಕನೆಯ ತಲೆಮಾರಿನವರು.

೧. ಈ ಮಕ್ಕಳು ಯಾರು?

ಸೇವೆಗೆ ಹೊರಡುವವನು ಮೊದಲು ತಿಳಿಯಬೇಕಾದದ್ದು ಚರಿತ್ರೆಯನ್ನು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಿಂದ ಬ್ರಿಟಿಷ್ ತೋಟದೊಡೆಯರು ತಮಿಳು ಜಿಲ್ಲೆಗಳ ಬಡ ಕೂಲಿಗಳನ್ನು ಸಿಲೋನಿನ ಕಾಫಿ ತೋಟಗಳಿಗೆ ಒಯ್ದರು. 1869ರಲ್ಲಿ ಕಾಣಿಸಿಕೊಂಡ ಎಲೆಯ ತುಕ್ಕುರೋಗವು ಕಾಫಿಯನ್ನು ನಾಶಮಾಡಿದ ಬಳಿಕ ಅದೇ ಗುಡ್ಡಗಳಲ್ಲಿ ಚಹಾ ಬೆಳೆಯಿತು, ಅದೇ ಕೈಗಳು ಚಹಾ ಚಿವುಟಿದವು. ಹೋದವರಲ್ಲಿ ಬಹುಮಂದಿ ಊರ ಹೊರಗೆ ಬಾಳುತ್ತಿದ್ದ ದಲಿತ ಜಾತಿಗಳವರು. ಆ ದ್ವೀಪ ಸ್ವತಂತ್ರವಾದ ವರ್ಷವೇ, ಅಂದರೆ 1948ರಲ್ಲಿ, ಅಲ್ಲಿಯ ಪೌರತ್ವ ಕಾಯಿದೆಯು ಇವರಲ್ಲಿ ಹೆಚ್ಚಿನವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆಯವರ ನಡುವೆ ಒಪ್ಪಂದವಾಯಿತು. ಅದರಂತೆ 5,25,000 ಜನರನ್ನು ಭಾರತವು ಸ್ವೀಕರಿಸಬೇಕು, 3,00,000 ಜನರಿಗೆ ಸಿಲೋನ್ ಪೌರತ್ವ ಕೊಡಬೇಕು ಎಂದು ತೀರ್ಮಾನವಾಯಿತು. ಉಳಿದ 1,50,000 ಜನರನ್ನು 1974ರ ಇನ್ನೊಂದು ಒಪ್ಪಂದದಲ್ಲಿ ಎರಡು ದೇಶಗಳೂ ಸಮಪಾಲಾಗಿ ಹಂಚಿಕೊಂಡವು. ಯಾವ ದೇಶದಲ್ಲಿ ಬಾಳುತ್ತೀರಿ ಎಂಬ ನಿರ್ಧಾರವು ಬಹುಮಟ್ಟಿಗೆ ಸಂಖ್ಯೆಗಳ ಲೆಕ್ಕವಾಯಿತು.

ಹೀಗೆ ಬಂದವರಿಗೆ ಕೆಲಸ ಕಲ್ಪಿಸಲು ಭಾರತದಲ್ಲಿ ತೋಟಗಳು ಎದ್ದವು: ನೀಲಗಿರಿಯಲ್ಲಿ ಚಹಾ, ಕೇರಳದ ಪುನಲೂರಿನಲ್ಲಿ ರಬ್ಬರ್, ನಮ್ಮ ಸುಳ್ಯ ಮತ್ತು ಪುತ್ತೂರಿನ ಕಾಡಂಚಿನಲ್ಲಿ ರಬ್ಬರ್. ಅರಣ್ಯ ಇಲಾಖೆ ಆರಂಭಿಸಿದ ಇಲ್ಲಿಯ ನೆಡುತೋಪುಗಳು ಬಳಿಕ 1971ರಲ್ಲಿ ಸ್ಥಾಪಿತವಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಗೆ ಬಂದವು. ಐವರ್ನಾಡು, ಮೇದಿನಡ್ಕ ಮೊದಲಾದ ಕಡೆಗಳಲ್ಲಿ ಇಂದಿಗೂ ಈ ತೋಟಗಳಿವೆ. ಊರವರು ಸಿ.ಆರ್.ಸಿ. ಕಾಲೊನಿಯೆಂದೋ ತಮಿಳು ಕಾಲೊನಿಯೆಂದೋ ಕರೆಯುವ ವಸತಿಗಳು ಇವರವು.

ಇಲ್ಲಿ ಒಂದು ಪದದ ವಿಷಯದಲ್ಲಿ ಎಚ್ಚರ ಬೇಕು. ಊರ ಮಾತಿನಲ್ಲಿ, ಒಮ್ಮೊಮ್ಮೆ ನಮ್ಮ ಸಭೆಗಳ ಪ್ರಾರ್ಥನೆಯಲ್ಲಿಯೂ, ಇವರನ್ನು 'ನಿರಾಶ್ರಿತರು' ಎನ್ನುವುದುಂಟು. ಅದು ಸಲ್ಲದು. ಇವರು 1983ರ ಬಳಿಕ ಯುದ್ಧಕ್ಕೆ ಹೆದರಿ ಓಡಿಬಂದವರಲ್ಲ. ಎರಡು ಸರಕಾರಗಳ ಒಪ್ಪಂದದಂತೆ ಭಾರತದ ಪ್ರಜೆಗಳಾಗಿ ಮರಳಿದವರು. ಸುಳ್ಯದಲ್ಲಿ ಹುಟ್ಟಿದ ತಾಯಿಯ ಮಗುವನ್ನು ನಿರಾಶ್ರಿತನೆಂದು ಕರೆದಾಗ, ಅವನಿಗೆ ಸಲ್ಲಬೇಕಾದ ಹಕ್ಕನ್ನು ನಾವು ಮಾತಿನಲ್ಲೇ ಕರುಣೆಯನ್ನಾಗಿ ಬದಲಿಸಿಬಿಡುತ್ತೇವೆ.

೨. ತೋಟದ ದಿನಚರಿ ಮತ್ತು ಮಗುವಿನ ಪಾಡು

ರಬ್ಬರ್ ಮರದ ಹಾಲು ಬಿಸಿಲೇರುವ ಮುನ್ನ ಚೆನ್ನಾಗಿ ಹರಿಯುತ್ತದೆ. ಆದುದರಿಂದ ಟ್ಯಾಪಿಂಗ್ ಮಾಡುವವರು ನಸುಕಿಗೆ ಮೊದಲೇ ಮನೆ ಬಿಡಬೇಕು. ಮರದಿಂದ ಮರಕ್ಕೆ ನಡೆದು ತೊಗಟೆಯನ್ನು ತೆಳ್ಳಗೆ ಕೆತ್ತಿ, ಬಟ್ಟಲು ಇಟ್ಟು, ಕೆಲವು ತಾಸುಗಳ ಬಳಿಕ ಅದೇ ದಾರಿಯಲ್ಲಿ ಮರಳಿ ಹಾಲನ್ನು ಸಂಗ್ರಹಿಸಿ ಕೊಡಬೇಕು. ತಂದೆತಾಯಿ ಇಬ್ಬರೂ ಈ ಕೆಲಸಕ್ಕೆ ಹೋಗುವ ಮನೆಯಲ್ಲಿ ಮಗು ಏಳುವಾಗ ಹಿರಿಯರಿಲ್ಲ. ಅಕ್ಕನು ತಮ್ಮನನ್ನು ಎಬ್ಬಿಸಿ, ಗಂಜಿ ಬಡಿಸಿ, ಶಾಲೆಗೆ ಕರೆದೊಯ್ಯುತ್ತಾಳೆ. ಮಳೆಗಾಲದಲ್ಲಿ, ಮರಕ್ಕೆ ಮಳೆಯ ಹೊದಿಕೆ ಕಟ್ಟದ ಕಡೆ, ಟ್ಯಾಪಿಂಗ್ ನಿಲ್ಲುತ್ತದೆ. ಖಾಸಗಿ ತೋಟದ ದಿನಗೂಲಿಗೆ ಆಗ ಆದಾಯವೂ ನಿಲ್ಲುತ್ತದೆ. ಶಾಲೆ ಆರಂಭವಾಗಿ ಪುಸ್ತಕ, ಕೊಡೆ, ಸಮವಸ್ತ್ರಗಳ ಖರ್ಚು ಬರುವ ತಿಂಗಳೂ ಅದೇ. ತೋಟದ ವಸತಿಯು ನೌಕರಿಗೆ ಅಂಟಿಕೊಂಡದ್ದಾದ್ದರಿಂದ ನೌಕರಿ ಮುಗಿಯುವ ವಯಸ್ಸು ಬಂದಂತೆ ಮನೆಯ ಚಿಂತೆ ಆರಂಭವಾಗುತ್ತದೆ, ಆ ಚಿಂತೆ ಮಕ್ಕಳ ಕಿವಿಗೂ ಬೀಳುತ್ತದೆ.

ಭಾಷೆಯು ಎರಡನೆಯ ಸಂಗತಿ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮತ್ತು ಪೇಟೆಯಲ್ಲಿ ತುಳು, ಪಕ್ಕದ ತೋಟದಲ್ಲಿ ಮಲಯಾಳ. ಆರು ವರ್ಷದ ಮಗು ನಾಲ್ಕು ಭಾಷೆಗಳ ನಡುವೆ ದಾರಿ ಮಾಡಿಕೊಳ್ಳುತ್ತದೆ. ಇದು ಕೊರತೆಯಲ್ಲ, ಸಾಮರ್ಥ್ಯ. ಆದರೆ ಮನೆಯ ಮಾತಿಗೆ ಶಾಲೆಯಲ್ಲಿ ಎಡೆಯಿಲ್ಲದಾಗ, ಒಂದನೆಯ ತರಗತಿಯ ಮಗು ಅರ್ಥವಾಗದ ಪಾಠದ ಮುಂದೆ ಮೌನವಾಗುತ್ತದೆ, ಮತ್ತು ಆ ಮೌನವನ್ನು ದಡ್ಡತನವೆಂದು ತಿಳಿಯುವವರೂ ಇದ್ದಾರೆ.

ಮೂರನೆಯದು ಜಾತಿ ಪ್ರಮಾಣಪತ್ರ. ಪರಿಶಿಷ್ಟ ಜಾತಿಯ ಪಟ್ಟಿಯು ರಾಜ್ಯಕ್ಕೆ ರಾಜ್ಯಕ್ಕೆ ಬೇರೆ. ಒಂದು ರಾಜ್ಯದಲ್ಲಿ ಪಡೆದ ಸ್ಥಾನವು ವಲಸೆ ಹೋದವನೊಂದಿಗೆ ಇನ್ನೊಂದು ರಾಜ್ಯಕ್ಕೆ ತಾನಾಗಿ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ಹೇಳಿತು. ಮುತ್ತಜ್ಜನು ತಮಿಳು ಜಿಲ್ಲೆಯಿಂದ ಹೊರಟು, ಅಜ್ಜನು ಕಡಲಾಚೆ ಹುಟ್ಟಿ, ತಾಯಿ ಸುಳ್ಯದಲ್ಲಿ ಹುಟ್ಟಿದ ಮಗುವಿನ ಮೂಲ ಯಾವುದು? ಈ ಪ್ರಶ್ನೆ ಅನೇಕ ಕುಟುಂಬಗಳಿಗೆ ದೀರ್ಘಕಾಲ ತೊಡಕಾಗಿ ನಿಂತಿದೆ. ಕ್ರೈಸ್ತರಾದವರಿಗೆ ಇನ್ನೊಂದು ತೊಡಕುಂಟು. 1950ರ ರಾಷ್ಟ್ರಪತಿಗಳ ಆದೇಶದಲ್ಲಿ ಪರಿಶಿಷ್ಟ ಜಾತಿಯ ಸ್ಥಾನವು ಹಿಂದೂಗಳಿಗೆ ಮಾತ್ರ ಎಂದಿತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ದಲಿತ ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಆದುದರಿಂದ ವಿದ್ಯಾರ್ಥಿವೇತನ, ವಸತಿನಿಲಯ, ಸೀಟು ಮುಂತಾದವುಗಳ ಬಾಗಿಲಲ್ಲಿ ಮಗು ನಿಂತಾಗ ಅದರ ಕೈಯಲ್ಲಿ ಒಂದು ಕಾಗದವಿಲ್ಲದಿರುವುದು ಅದರ ಬುದ್ಧಿಶಕ್ತಿಗಿಂತ ಹೆಚ್ಚು ನಿರ್ಣಾಯಕವಾಗಬಹುದು.

೩. ಮಧ್ಯದಲ್ಲಿ ನಿಲ್ಲಿಸಿದ ಮಗು

ಮಾರ್ಕನ ಸುವಾರ್ತೆಯ ಎರಡು ಪ್ರಸಂಗಗಳು ಮಕ್ಕಳ ಸೇವೆಗೆ ಆಧಾರವಾಗಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತವೆ. ಅವುಗಳನ್ನು ನಿಧಾನವಾಗಿ ಓದಬೇಕು.

ಮೊದಲನೆಯದು ಮಾರ್ಕ 9:33-37. ತಮ್ಮಲ್ಲಿ ಯಾರು ಹೆಚ್ಚಿನವನೆಂದು ವಾದಿಸಿದ ಶಿಷ್ಯರ ನಡುವೆ ಯೇಸು ಒಂದು ಮಗುವನ್ನು ನಿಲ್ಲಿಸಿ, ಅದನ್ನು ಅಪ್ಪಿಕೊಂಡು, ಇಂಥ ಮಗುವನ್ನು ತನ್ನ ಹೆಸರಿನಲ್ಲಿ ಸೇರಿಸಿಕೊಳ್ಳುವವನು ತನ್ನನ್ನೇ ಸೇರಿಸಿಕೊಳ್ಳುತ್ತಾನೆಂದು ಹೇಳುತ್ತಾನೆ. ಇಲ್ಲಿಯ ಕ್ರಿಯಾಪದ 'ದೆಖೊಮಾಯ್', ಅಂದರೆ ಅತಿಥಿಯನ್ನು ಬರಮಾಡಿಕೊಳ್ಳುವುದು. ಹನ್ನೆರಡು ಮಂದಿಯನ್ನು ಕಳುಹಿಸುವಾಗ, ಅವರನ್ನು ಸೇರಿಸಿಕೊಳ್ಳದ ಊರಿನ ಕುರಿತು ಮಾರ್ಕ 6:11ರಲ್ಲಿ ಬರುವುದೂ ಇದೇ ಪದ. ಆ ಕಾಲದಲ್ಲಿ ಮನೆಯ ಶ್ರೇಣಿಯ ಕೆಳತುದಿಯಲ್ಲಿ ಮಗು ಇತ್ತು. ಗ್ರೀಕ್ ಭಾಷೆಯಲ್ಲಿ 'ಪೈಸ್' ಎಂಬ ಒಂದೇ ಶಬ್ದವು ಮಗುವನ್ನೂ ಆಳನ್ನೂ ಸೂಚಿಸುತ್ತಿತ್ತು. ಆ ಮಗುವನ್ನು ಯೇಸು ಉದಾಹರಣೆಯಾಗಿ ಮಾತ್ರವಲ್ಲ, ಕಳುಹಿಸಲ್ಪಟ್ಟ ದೂತನಾಗಿ ನಿಲ್ಲಿಸುತ್ತಾನೆ. ಹಾಗಾದರೆ ಮಗು ನಮ್ಮ ದಾನವನ್ನು ಪಡೆಯುವ ಪಾತ್ರೆಯಲ್ಲ. ದೇವರ ಕಡೆಯಿಂದ ನಮ್ಮ ಬಳಿಗೆ ಬಂದಿರುವ ಗಣ್ಯನು. ಗಣ್ಯನು ಬಂದಾಗ ಆತಿಥೇಯನು ತನ್ನ ಅನುಕೂಲದಂತೆ ಕಾಲವನ್ನು ನಿಗದಿಮಾಡುವುದಿಲ್ಲ.

ಎರಡನೆಯದು ಮಾರ್ಕ 10:13-16. ಮಕ್ಕಳನ್ನು ಕರೆತಂದವರನ್ನು ಶಿಷ್ಯರು ಗದರಿಸುತ್ತಾರೆ, ಯೇಸು ಕೋಪಗೊಳ್ಳುತ್ತಾನೆ. ಈ ಪ್ರಸಂಗವನ್ನು ಮತ್ತಾಯನೂ ಲೂಕನೂ ಹೇಳುತ್ತಾರಾದರೂ ಆತನ ಕೋಪವನ್ನು ಹೆಸರಿಸುವವನು ಮಾರ್ಕನೊಬ್ಬನೇ. ಕೋಪಕ್ಕೆ ಗುರಿಯಾದವರು ಮಕ್ಕಳನ್ನು ದ್ವೇಷಿಸಿದವರಲ್ಲ, ಗುರುವಿನ ಸೇವೆಯಲ್ಲಿ ತೊಡಗಿದ್ದವರು. ಮಗುವಿಗೂ ಅದನ್ನು ಕರೆತಂದ ಮನೆಯವರಿಗೂ ಯೇಸುವಿಗೂ ನಡುವೆ ಅವರು ನಿಂತುಬಿಟ್ಟರು. ಮಕ್ಕಳ ನಡುವೆ ಕೆಲಸಮಾಡುವ ಸ್ವಯಂಸೇವಕನಿಗೂ ಈ ಅಪಾಯವಿದೆ. ತಂದೆತಾಯಿ ಬಡವರು, ಓದಿಲ್ಲದವರು, ದಿನವಿಡೀ ಮನೆಯಲ್ಲಿಲ್ಲದವರು ಎಂದು ಎಣಿಸಿ, ಹತ್ತು ದಿನಗಳ ಮಟ್ಟಿಗೆ ತಾನೇ ಅವರ ಸ್ಥಾನದಲ್ಲಿ ನಿಂತಾಗ, ಮಗುವಿನ ಕಣ್ಣಿನಲ್ಲಿ ಅವರು ಚಿಕ್ಕವರಾಗುತ್ತಾರೆ. ಅಪ್ಪಿಕೊಳ್ಳುವುದಕ್ಕೆ ಈ ಎರಡೂ ಪ್ರಸಂಗಗಳಲ್ಲಿ ಮಾರ್ಕನು ಬಳಸುವ ಪದವು ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಬರುವುದಿಲ್ಲ. ಆ ಅಪ್ಪುಗೆಯು ಮಗುವನ್ನು ಮನೆಯವರಿಂದ ಕಿತ್ತುಕೊಳ್ಳುವುದಲ್ಲ. ಆಶೀರ್ವದಿಸಿ ಅವರ ಕೈಗೇ ಮರಳಿಸುವುದು.

ಇವುಗಳೊಂದಿಗೆ ಧರ್ಮಶಾಸ್ತ್ರದ 'ಗೇರ್' ಎಂಬ ಪದವನ್ನು ಕೂಡಿಸಿ ಓದಬೇಕು. ಗೇರ್ ಎಂದರೆ ನೆಲದ ಒಡೆತನವಿಲ್ಲದೆ ಇತರರ ನಡುವೆ ಬಾಳುವ ಪರಸ್ಥಳದವನು. ಯಾಜಕಕಾಂಡ 19:33-34 ಅವನನ್ನು ಸ್ವದೇಶದವನಂತೆ ಕಂಡು ಪ್ರೀತಿಸಬೇಕೆನ್ನುತ್ತದೆ, ಐಗುಪ್ತದ ನೆನಪನ್ನು ಕಾರಣವಾಗಿ ಕೊಡುತ್ತದೆ. ಧರ್ಮೋಪದೇಶಕಾಂಡ 24:14-15 ಇನ್ನೂ ಮುಂದೆ ಹೋಗಿ, ಬಡ ಕೂಲಿಯವನ ಸಂಬಳವನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆನ್ನುತ್ತದೆ. ಪ್ರೀತಿಯ ಆಜ್ಞೆಯೂ ಸಂಬಳದ ಆಜ್ಞೆಯೂ ಒಂದೇ ಧರ್ಮಶಾಸ್ತ್ರದವು.

ಈ ಮಾತು ನಮ್ಮ ತಾಲ್ಲೂಕುಗಳ ಸಭೆಗಳಿಗೆ ನೇರವಾಗಿ ತಗಲುತ್ತದೆ. ಕಡಬ, ನೆಲ್ಯಾಡಿ, ಶಿರಾಡಿಯ ಸುತ್ತಲಿನ ಕ್ರೈಸ್ತರಲ್ಲಿ ಬಹುಮಂದಿ ಕೇರಳದಿಂದ ವಲಸೆ ಬಂದು ಕಾಡಂಚಿನಲ್ಲಿ ಬೆವರು ಸುರಿಸಿ ನೆಲೆನಿಂತವರ ಮಕ್ಕಳು. 2010ರಲ್ಲಿ ಪುತ್ತೂರನ್ನು ಕೇಂದ್ರವಾಗಿಸಿ ಸಿರೊ-ಮಲಂಕರ ಕಥೋಲಿಕ ಧರ್ಮಪ್ರಾಂತ ರಚಿತವಾದುದೇ ಈ ವಲಸೆಯ ಗಾತ್ರಕ್ಕೆ ಸಾಕ್ಷಿ. ಅವರಿಗೂ ಒಂದು ಐಗುಪ್ತವಿದೆ, ಅವರಿಗೂ ರಬ್ಬರ್ ತೋಟಗಳಿವೆ, ತೋಟದಲ್ಲಿ ಕೂಲಿಗಳಿದ್ದಾರೆ. ಭಾನುವಾರ ಕಾಲೊನಿಯ ಮಗುವಿಗೆ ಪೆನ್ಸಿಲ್ ಡಬ್ಬಿ ಕೊಟ್ಟ ಸಭೆಯು ಸೋಮವಾರ ಆ ಮಗುವಿನ ತಾಯಿಗೆ ಸಲ್ಲಬೇಕಾದ ಕೂಲಿಯನ್ನು ತಡೆಹಿಡಿದರೆ, ಯಾಕೋಬ 5:4ರ ಕೂಗು ಆ ಡಬ್ಬಿಯೊಳಗಿಂದಲೇ ಕೇಳಿಸುತ್ತದೆ. ಮಕ್ಕಳ ಸೇವೆಯನ್ನು ಹೆತ್ತವರ ಕೂಲಿಯಿಂದ ಬೇರ್ಪಡಿಸಲಾಗದು.

೪. ಅಲ್ಪಕಾಲದ ಸೇವೆಯ ಕುರಿತು

ಇದು ನಮ್ಮ ನಾಡಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. 1968ರಲ್ಲಿ ಕಥೋಲಿಕ ಪಾದ್ರಿ ಇವಾನ್ ಇಲಿಚ್ ಮೆಕ್ಸಿಕೊದ ಕ್ವೆರ್ನವಾಕದಲ್ಲಿ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರನ್ನು ಉದ್ದೇಶಿಸಿ ಮಾತಾಡಿ, ಸದುದ್ದೇಶವೊಂದೇ ಸಾಲದೆಂದೂ, ಭಾಷೆ ತಿಳಿಯದೆ, ತಮ್ಮ ಅಧಿಕಾರವನ್ನು ಕಾಣದೆ ಬಡವರ ನಡುವೆ ಬರುವವರು ಹಾನಿಯನ್ನೇ ಮಾಡುತ್ತಾರೆಂದೂ ಕಟುವಾಗಿ ಎಚ್ಚರಿಸಿದರು. ದಕ್ಷಿಣ ಆಫ್ರಿಕದಲ್ಲಿ ಏಡ್ಸ್ ರೋಗವು ಜುಲು ಜನರ ಹಳ್ಳಿಗಳನ್ನೂ ಸೇರಿ ಅಸಂಖ್ಯ ಮನೆಗಳನ್ನು ಬರಿದುಮಾಡಿದ ಕಾಲದಲ್ಲಿ ಹೊರದೇಶಗಳಿಂದ ಸ್ವಯಂಸೇವಕರು ಮಕ್ಕಳ ನಡುವೆ ದುಡಿಯಲು ಬಂದರು. ಲಿಂಡಾ ರಿಕ್ಟರ್ ಮತ್ತು ಏಮಿ ನಾರ್ಮನ್ ಎಂಬ ವಿದ್ವಾಂಸರು 2010ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ಇನ್ನೊಂದು ಮುಖವನ್ನು ತೋರಿಸಿದರು. ಆಪ್ತರನ್ನು ಕಳೆದುಕೊಂಡ ಮಗು ಬಂದವರಿಗೆ ಬೇಗನೆ ಅಂಟಿಕೊಳ್ಳುತ್ತದೆ, ಕೆಲವು ವಾರಗಳಲ್ಲಿ ಅವರು ಹೊರಟುಹೋಗುತ್ತಾರೆ, ಇನ್ನೊಬ್ಬರು ಬರುತ್ತಾರೆ, ಹೀಗೆ ಅಗಲಿಕೆಯೇ ಮಗುವಿನ ಅನುಭವವಾಗುತ್ತದೆ. ವ್ಯಕ್ತಿಯು ಇತರ ವ್ಯಕ್ತಿಗಳಿಂದಲೇ ವ್ಯಕ್ತಿಯಾಗುತ್ತಾನೆ ಎಂಬ ಅರ್ಥದ ಗಾದೆಯೊಂದು ಜುಲು ಭಾಷೆಯಲ್ಲಿದೆ. ಆ 'ಇತರರು' ಬದಲಾಗುತ್ತಲೇ ಇದ್ದರೆ ಮಗು ಯಾರಿಂದ ಬೆಳೆಯಬೇಕು?

ನಮ್ಮ ತೋಟಗಳ ಮಕ್ಕಳು ಅನಾಥರಲ್ಲ, ಅವರಿಗೆ ಮನೆಗಳಿವೆ. ಆದರೂ ಪಾಠವು ನಮಗೆ ಸಲ್ಲುತ್ತದೆ. ಒಪ್ಪಂದದಿಂದ ದೇಶ ಬದಲಾದ, ನೌಕರಿಯೊಂದಿಗೆ ಮನೆ ಅಲುಗುವ ಕುಟುಂಬದ ಮಗುವಿಗೆ ಸಭೆಯು ಕೊಡಬಹುದಾದ ಮೊದಲ ವರವು ನೆಲೆನಿಲ್ಲುವಿಕೆ.

ಇದಕ್ಕೆ ಮಾದರಿಗಳಿಲ್ಲದಿಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲೋಸ್ಟರಿನಲ್ಲಿ ರಾಬರ್ಟ್ ರೇಕ್ಸ್ ಆರಂಭಿಸಿದ ಭಾನುವಾರ ಶಾಲೆಯು, ವಾರವಿಡೀ ದುಡಿಯುವ ಮಕ್ಕಳಿಗೆ ಬಿಡುವಿದ್ದ ಒಂದೇ ದಿನ ಓದು ಕಲಿಸಿತು. ಇಂದು ನಾವು ಸತ್ಯವೇದದ ವಚನ ಬಾಯಿಪಾಠಕ್ಕೆ ಮೀಸಲಿಟ್ಟಿರುವ ಶಾಲೆಯ ಹುಟ್ಟು ಅಕ್ಷರದ ಹಸಿವಿನಲ್ಲಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಊರ ಭಾಷೆಗಳನ್ನು ಕಲಿತು, ಶಾಲೆ ತೆರೆದು, ಮುದ್ರಣಾಲಯ ಸ್ಥಾಪಿಸಿ ತಲೆಮಾರುಗಳ ಕಾಲ ನಿಂತರು; ಅವರ ಕಾರ್ಯದ ಇತರ ಅಂಶಗಳ ಕುರಿತು ಭಿನ್ನಾಭಿಪ್ರಾಯವಿದ್ದರೂ ಈ ನಿಲುವು ಗಮನಾರ್ಹ. ಸಭೆಯ ಹೊರಗೂ ನೋಡಬಹುದು. ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ್ದು ಅಲ್ಲಿಯೇ ದಶಕಗಳ ಕಾಲ ಮನೆ ಮಾಡಿಕೊಂಡು.

೫. ಸೇವೆಯ ರೂಪ ಹೇಗಿರಬೇಕು?

ಮೊದಲನೆಯದಾಗಿ, ಸೇವೆಯ ಕರ್ತೃ ಸ್ಥಳೀಯ ಸಭೆಯಾಗಬೇಕು. ಸೆಮಿನರಿಯ ವಿದ್ಯಾರ್ಥಿಗೆ ನೆಲೆನಿಲ್ಲಲು ಸಾಧ್ಯವಿಲ್ಲ, ಹಾಗಾದರೆ ಅವನು ಹೋಗಲೇಬಾರದೇ ಎಂಬ ಆಕ್ಷೇಪಕ್ಕೆ ಇದೇ ಉತ್ತರ. ಅವನು ಹೋಗಲಿ, ಆದರೆ ವರ್ಷವಿಡೀ ಅಲ್ಲಿರುವ ಸಭೆಯವರ, ಅಂಗನವಾಡಿಯ ಕಾರ್ಯಕರ್ತೆಯ, ಶಾಲೆಯ ಶಿಕ್ಷಕರ, ಕಾಲೊನಿಯಲ್ಲೇ ಓದಿ ಮುಂದೆ ಬಂದ ಯುವತಿಯ ಕೆಲಸಕ್ಕೆ ಸಹಾಯಕನಾಗಿ ಹೋಗಲಿ. ಮಗು ಅಂಟಿಕೊಳ್ಳಬೇಕಾದದ್ದು ಉಳಿಯುವವರಿಗೆ, ಹೋಗುವವನಿಗಲ್ಲ. ಉಳಿಯುವವರಿಲ್ಲದ ಕಡೆ ಶಿಬಿರ ನಡೆಸುವ ಮೊದಲು ಉಳಿಯುವವರನ್ನು ಹುಡುಕಬೇಕು.

ಎರಡನೆಯದಾಗಿ, ಅತಿಥಿಯ ವಿನಯ. ಲೂಕ 10:7-8ರಲ್ಲಿ ಕಳುಹಿಸಲ್ಪಟ್ಟವರು ಮನೆಯವರು ಬಡಿಸಿದ್ದನ್ನು ಉಣ್ಣಬೇಕೆಂದಿದೆ. ಕಾಲೊನಿಯ ಮನೆಯಲ್ಲಿ ಕುಳಿತು ಉಂಡು, ಸಿಲೋನಿನ ಚಹಾತೋಟದ ನೆನಪನ್ನು ಅಜ್ಜಿಯ ಬಾಯಿಂದ ಕೇಳದವನು ಮೊಮ್ಮಗಳಿಗೆ ಕಲಿಸಲು ಅರ್ಹನಲ್ಲ. ನೂರು ತಮಿಳು ಮಾತುಗಳನ್ನಾದರೂ ಕಲಿತು ಹೋಗಬೇಕು. ಪಂಚಾಶತ್ತಮದ ದಿನ ಪವಿತ್ರಾತ್ಮನು ಕೇಳುವವರ ಭಾಷೆಗೆ ಇಳಿದು ಬಂದನು. ಕೇಳುವವರೆಲ್ಲರೂ ಮೊದಲು ಒಂದು ಭಾಷೆ ಕಲಿಯಲೆಂದು ಕಾಯಲಿಲ್ಲ. ಒಂದನೆಯ ತರಗತಿಯ ಮಗುವಿಗೆ ಕನ್ನಡದ ಪಾಠವನ್ನು ತಮಿಳಿನ ಆಸರೆಯಿಂದ ದಾಟಿಸುವ ಸಂಜೆಯ ಒಂದು ತಾಸು ಹತ್ತು ದಿನದ ಉತ್ಸವಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಮೂರನೆಯದಾಗಿ, ಕಾಗದಪತ್ರಗಳ ಸೇವೆ. ಇದು ಆತ್ಮಿಕವಲ್ಲವೆಂದು ತೋರಬಹುದು. ಆದರೆ ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ ವಿದ್ಯಾರ್ಥಿವೇತನ ತಪ್ಪುವ ಮಗುವಿಗೆ, ಅರ್ಜಿ ಬರೆದು ತಾಲ್ಲೂಕು ಕಚೇರಿಗೆ ತಂದೆಯೊಂದಿಗೆ ನಡೆದು ಹೋಗುವವನು ನೆರೆಯವನು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯಂತೆ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ವಯಸ್ಸಿನ ದಾಖಲೆಯಿಲ್ಲವೆಂದು ಶಾಲೆಯ ಪ್ರವೇಶ ನಿರಾಕರಿಸುವಂತಿಲ್ಲ. ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಸಭಾಪಾಲಕರು ಇಷ್ಟನ್ನು ತಿಳಿದಿರುವುದು ಪಾಲನಾಸೇವೆಯ ಭಾಗ.

ನಾಲ್ಕನೆಯದಾಗಿ, ಮಗುವಿನ ರಕ್ಷಣೆ. ಮಕ್ಕಳ ನಡುವೆ ಕೆಲಸಮಾಡುವ ಪ್ರತಿಯೊಬ್ಬನೂ ಪರಿಶೀಲಿತನಾಗಿರಬೇಕು. ಯಾವನೂ ಮಗುವಿನೊಡನೆ ಇತರರ ಕಣ್ಣಿಗೆ ಕಾಣದಂತೆ ಒಂಟಿಯಾಗಿರಬಾರದು. 2012ರ ಪೋಕ್ಸೊ ಕಾಯಿದೆಯಂತೆ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವನು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದು ತಾನೇ ಅಪರಾಧ. ಸಭೆಯ ಮರ್ಯಾದೆಯ ಹೆಸರಿನಲ್ಲಿ ಒಳಗೇ ಮುಗಿಸುವುದಕ್ಕೆ ಕಾನೂನಿನಲ್ಲಿಯೂ ಸುವಾರ್ತೆಯಲ್ಲಿಯೂ ಎಡೆಯಿಲ್ಲ. ಮಾರ್ಕ 9:42ರ ಬೀಸುವ ಕಲ್ಲಿನ ಮಾತನ್ನು ನೆನೆಯಬೇಕು. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಮಕ್ಕಳಿಗೂ ಕಲಿಸಬೇಕು. ಬಡ ಮಗುವಿನ ಭಾವಚಿತ್ರವನ್ನು ದಾನ ಸಂಗ್ರಹಕ್ಕೆ ಬಳಸುವುದೂ ಅದರ ಗೌರವಕ್ಕೆ ಕುಂದು. ನಮ್ಮ ಮನೆಯ ಮಗುವಿನ ಚಿತ್ರವನ್ನು ಹಾಗೆ ಅಚ್ಚುಹಾಕಲು ಒಪ್ಪುವೆವೇ ಎಂದು ಕೇಳಿಕೊಂಡರೆ ಸಾಕು.

ಐದನೆಯದಾಗಿ, ಸಾಕ್ಷಿ ಮತ್ತು ಸ್ವಾತಂತ್ರ್ಯ. ಕಾಲೊನಿಗಳಲ್ಲಿ ಹಿಂದೂಗಳೂ ಕ್ರೈಸ್ತರೂ ಒಂದೇ ಸಾಲಿನ ಮನೆಗಳಲ್ಲಿ ವಾಸಿಸುತ್ತಾರೆ. ಓದಿನ ಸಹಾಯವನ್ನು ಆರಾಧನೆಗೆ ಬರುವುದರೊಂದಿಗೆ ಗಂಟುಹಾಕುವುದು ಕೃಪೆಯನ್ನು ಕೂಲಿಯಾಗಿ ಮಾಡುವುದಾಗಿದೆ. ತಂದೆತಾಯಿಯ ತಿಳಿವು, ಒಪ್ಪಿಗೆಗಳಿಲ್ಲದೆ ಮಗುವಿನ ಹೆಸರನ್ನು ಸಭೆಯ ದಾಖಲೆಯಲ್ಲಿ ಬರೆಯಬಾರದು. ದೀಕ್ಷಾಸ್ನಾನವನ್ನು ಬಯಸುವ ದಲಿತ ಕುಟುಂಬಕ್ಕೆ ಪ್ರಮಾಣಪತ್ರದ ವಿಷಯದಲ್ಲಿ ತೆರಬೇಕಾದ ಬೆಲೆಯನ್ನು ಸಭಾಪಾಲಕನು ಮುಚ್ಚಿಡಬಾರದು. ಲೂಕ 14:28ರಲ್ಲಿ ಗೋಪುರ ಕಟ್ಟುವವನು ಕುಳಿತು ಖರ್ಚು ಲೆಕ್ಕಹಾಕುವಂತೆ ಯೇಸುವೇ ಹೇಳಿದ್ದಾನೆ. ಲೆಕ್ಕವನ್ನು ಮಕ್ಕಳ ಭವಿಷ್ಯದಿಂದ ತೆರುವಾಗ ಇನ್ನಷ್ಟು ಪ್ರಾಮಾಣಿಕತೆ ಬೇಕು. ಆ ಬೆಲೆಯನ್ನು ಅನ್ಯಾಯವೆಂದು ಸಾರಿ, ದಲಿತ ಕ್ರೈಸ್ತರ ಹಕ್ಕಿಗಾಗಿ ದನಿಗೂಡಿಸುವುದೂ ಇಡೀ ಸಭೆಯ ಕರ್ತವ್ಯ. ಇಲ್ಲವಾದರೆ ನಾವು ಭಾರವನ್ನು ಕುಟುಂಬದ ಹೆಗಲಿಗೇರಿಸಿ ದೂರ ನಿಂತಂತಾಗುತ್ತದೆ.

೬. ಅಳತೆಗೋಲು

ಸೇವೆಯ ವರದಿಗಳಲ್ಲಿ ಎಷ್ಟು ಮಕ್ಕಳು ಬಂದರು, ಎಷ್ಟು ಚೀಲ ಹಂಚಲಾಯಿತು ಎಂಬ ಅಂಕಿಗಳಿರುತ್ತವೆ. ಅವುಗಳ ಪಕ್ಕದಲ್ಲಿ ಬೇರೆ ಪ್ರಶ್ನೆಗಳನ್ನು ಬರೆಯುವಂತೆ ನಾವು ವಿನಂತಿಸುತ್ತೇವೆ. ಕಳೆದ ವರ್ಷ ಐದನೆಯ ತರಗತಿಯಲ್ಲಿದ್ದವರೆಲ್ಲರೂ ಆರನೆಯದಕ್ಕೆ ಬಂದರೇ? ಹತ್ತನೆಯ ತರಗತಿ ಮುಗಿಸಿದ ಹುಡುಗಿ ಮುಂದೆ ಎಲ್ಲಿಗೆ ಹೋದಳು? ಯಾರ ಪ್ರಮಾಣಪತ್ರದ ಅರ್ಜಿ ಇನ್ನೂ ಬಾಕಿಯಿದೆ? ನಮ್ಮ ಸಭೆಯವರ ತೋಟಗಳಲ್ಲಿ ದುಡಿಯುವ ತಂದೆತಾಯಿಗೆ ಸಲ್ಲುವ ಕೂಲಿ ಸಲ್ಲುತ್ತಿದೆಯೇ? ಮಗುವಿನ ಹೆಸರನ್ನು ತಿಳಿದು, ಮುಂದಿನ ವರ್ಷವೂ ಆ ಹೆಸರಿಂದ ಕರೆಯುವವರು ಎಷ್ಟು ಮಂದಿ?

ಈ ಪ್ರಶ್ನೆಗಳಿಗೆ ಉತ್ತರ ಬರೆಯಲು ಹತ್ತು ದಿನ ಸಾಲದು. ಒಂದು ಸಭೆ ಬೇಕು, ಅದೂ ಹತ್ತು ವರ್ಷ. ಪುತ್ತೂರು, ಸುಳ್ಯ, ಕಡಬಗಳಲ್ಲಿ ಸಭೆಗಳಿಗೆ ಕೊರತೆಯಿಲ್ಲ, ಮತ್ತು ಕಾಲೊನಿಗಳು ಅವುಗಳಿಂದ ಬಹುದೂರವೂ ಇಲ್ಲ. ಯೇಸು ಮಗುವನ್ನು ನಿಲ್ಲಿಸಿದ್ದು ಶಿಷ್ಯರ ಮಧ್ಯದಲ್ಲಿ. ತೋಟದ ಮಗು ನಮ್ಮ ಸಭೆಯ ಅಂಚಿನಿಂದ ಮಧ್ಯಕ್ಕೆ ಬಂದು ನಿಲ್ಲುವವರೆಗೆ, ನಮ್ಮಲ್ಲಿ ಯಾರು ಹೆಚ್ಚಿನವನೆಂಬ ಹಳೆಯ ವಾದವು ಮುಂದುವರಿಯುತ್ತಲೇ ಇರುವುದು.